ಹಳೆಯ ಮೋಟಾರು ಮನೆಯ ರೋಗಪರೀಕ್ಷೆ

ಮನೆಯೆಂಬುದು ನಿಂತಲ್ಲಿಯೇ ನಿಲ್ಲತಕ್ಕ ವಸ್ತು. ಗಾಡಿಯೆಂಬುದು ಓಡತಕ್ಕ ವಸ್ತು. ಇವೆರಡನ್ನೂ ಒಂದೇ ಚೌಕಟ್ಟಿನ ಮೇಲೆ ಕೂಡಿಸಿದರೆ ಮೋಟಾರು ಮನೆಯಾಗುತ್ತದೆ. ಅದರಲ್ಲಿ ಮಲಗಲು ಹಾಸಿಗೆಯುಂಟು, ಅಡಿಗೆಗೆ ಒಲೆಯುಂಟು, ನೀರಿನ ತೊಟ್ಟಿ, ಕೊಳಾಯಿ, ಬಚ್ಚಲು, ರೆಫ್ರಿಜರೇಟರುಗಳುಂಟು. ಮುಂಭಾಗದಲ್ಲಿ ಚಾಲಕನ ಪೀಠವೂ ಎಂಜಿನೂ ಇರುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ವಾಹನಗಳು ೧೯೬೦ರಿಂದ ೧೯೮೦ರ ವರೆಗಿನ ಎರಡು ದಶಕಗಳಲ್ಲಿ ಬಹಳವಾಗಿ ಬಳಕೆಗೆ ಬಂದುವು. ಆ ಕಾಲದ ವಾಹನಗಳಲ್ಲಿ ಅನೇಕವನ್ನು ಅವುಗಳ ಒಡೆಯರು ಇಂದಿಗೂ ದುರಸ್ತಿ ಮಾಡಿಕೊಂಡು ಓಡಿಸುತ್ತಿದ್ದಾರೆ. ಊರಿನ ಮನೆಯ ಕೊಳಾಯಿಯನ್ನು ಗಂಟೆಗೆ ತೊಂಬತ್ತು ಕಿಲೋಮೀಟರು ವೇಗದಲ್ಲಿ ಕುಲುಕುವವರಿಲ್ಲ. ದಿನಬಳಕೆಯ ಕಾರನ್ನು ವರ್ಷದಲ್ಲಿ ಹತ್ತು ತಿಂಗಳು ನಿಲ್ಲಿಸಿಡುವವರೂ ವಿರಳ. ಮೋಟಾರು ಮನೆಯಾದರೋ ಈ ಎರಡು ಕಷ್ಟಗಳನ್ನೂ ಅನುಭವಿಸಬೇಕು. ಆದುದರಿಂದ ಅದಕ್ಕೆ ತಗಲುವ ಕಾಯಿಲೆಗಳೂ ಎರಡು ಬಗೆಯವು: ಓಡಿದ್ದರಿಂದ ಬರುವುವು ಕೆಲವು, ನಿಂತದ್ದರಿಂದ ಬರುವುವು ಹಲವು.

ಉದಾಹರಣೆಗಾಗಿ ಒಂದು ವಾಹನವನ್ನು ತೆಗೆದುಕೊಳ್ಳೋಣ. ಜನರಲ್ ಮೋಟಾರ್ಸ್ ಸಂಸ್ಥೆಯವರು ಮಿಷಿಗನ್ ಸಂಸ್ಥಾನದ ಪಾಂಟಿಯಾಕ್ ನಗರದಲ್ಲಿ ತಯಾರಿಸಿ, ೧೯೭೩ರಿಂದ ೧೯೭೮ರ ವರೆಗಿನ ಮಾದರಿಗಳಾಗಿ ಮಾರಿದ ಜಿ.ಎಂ.ಸಿ. ಮೋಟಾರು ಮನೆಯು ಈ ವರ್ಗದಲ್ಲಿ ಬಹು ಪ್ರಸಿದ್ಧವಾದುದು. ಒಟ್ಟು ತಯಾರಾದುವು ಸುಮಾರು ೧೩,೦೦೦. ಉದ್ದದಲ್ಲಿ ೨೩ ಅಡಿಯದು, ೨೬ ಅಡಿಯದು ಎಂದು ಎರಡು ಅಳತೆಗಳಿದ್ದುವು. ತೂಕ ಸುಮಾರು ಐದು ಟನ್ನು. ಎಂಜಿನು ಓಲ್ಡ್ಸ್‌ಮೊಬೀಲ್ ಟೊರೊನಾಡೊ ಎಂಬ ಕಾರಿನದು: ಎಂಟು ಸಿಲಿಂಡರು, ಮೊದಲು ಏಳೂವರೆ ಲೀಟರು, ಕಡೆಯ ಎರಡು ವರ್ಷ ೬.೬ ಲೀಟರು. ಅದು ಮುಂದಿನ ಚಕ್ರಗಳನ್ನೇ ತಿರುಗಿಸುವುದರಿಂದ ಹಿಂದಕ್ಕೆ ಹಾಯುವ ದಂಡವು ಬೇಕಾಗಿಲ್ಲ; ಹೀಗಾಗಿ ಮನೆಯ ನೆಲವು ತಗ್ಗಿನಲ್ಲಿದೆ. ಹಿಂಭಾಗದಲ್ಲಿ ಪಕ್ಕಕ್ಕೆರಡರಂತೆ ಒಂದರ ಹಿಂದೊಂದು ಚಕ್ರಗಳಿವೆ. ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ಗಾಳಿ ತುಂಬಿದ ರಬ್ಬರು ಚೀಲಗಳು ಭಾರವನ್ನು ಹೊರುತ್ತವೆ. ಕೆಳಗಿನ ಚೌಕಟ್ಟು ಉಕ್ಕಿನದು, ಮೇಲಿನ ಪಂಜರವು ಅಲ್ಯೂಮಿನಿಯಮ್ಮಿನದು. ಹೊದಿಕೆಯ ಹಲಗೆಗಳಲ್ಲಿ ಕೆಲವು ಅಲ್ಯೂಮಿನಿಯಂ, ಕೆಲವು ಗಾಜಿನೆಳೆ ಸೇರಿದ ಪ್ಲಾಸ್ಟಿಕ್ಕು. ಈ ಕಡೆಯ ವಿವರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ಐವತ್ತು ವರ್ಷದ ಇಂಥ ಯಂತ್ರವು ಕೆಟ್ಟಾಗ ಒಡೆಯನು ಸಾಮಾನ್ಯವಾಗಿ ಊಹೆಗೆ ತೊಡಗುತ್ತಾನೆ. ದೀಪ ಮಂಕಾಯಿತೇ, ಹೊಸ ಬ್ಯಾಟರಿಯನ್ನು ಕೊಳ್ಳುತ್ತಾನೆ. ಎಂಜಿನು ನಿಂತಿತೇ, ಕಾರ್ಬ್ಯುರೇಟರನ್ನು ಬದಲಾಯಿಸುತ್ತಾನೆ. ರೆಫ್ರಿಜರೇಟರು ತಣಿಯಲಿಲ್ಲವೇ, ಅದನ್ನೇ ಕಿತ್ತು ಹೊರಗೆ ಹಾಕುತ್ತಾನೆ. ಹಣವು ಹೋಗುತ್ತದೆ, ರೋಗವು ಉಳಿಯುತ್ತದೆ. ಬ್ರೇಕು ಮತ್ತು ಅನಿಲದ ವಿಷಯದಲ್ಲಿ ಊಹೆಯು ತಪ್ಪಿದರಂತೂ ನಷ್ಟವು ಹಣದಲ್ಲಿಯೇ ನಿಲ್ಲುವುದಿಲ್ಲ. ಆದರೆ ಯಾವ ಪ್ರೌಢಶಾಲೆಯ ಪ್ರಯೋಗಶಾಲೆಯ ಬೀರುವನ್ನು ತೆರೆದರೂ ಅದರಲ್ಲಿ ಒಂದು ವೋಲ್ಟ್‌ಮೀಟರು, ಒಂದು ಹೈಡ್ರಾಮೀಟರು, ಒಂದು ಉಷ್ಣಮಾಪಕ, ಎರಡು ಕೈಗಳಿರುವಂತೆ ಬಾಗಿಸಿದ ಒಂದು ಗಾಜಿನ ನಳಿಗೆ ಇವು ಸಿಕ್ಕುತ್ತವೆ. ಈ ನಾಲ್ಕರಿಂದ ಅಂಥ ವಾಹನದ ಬಹುಪಾಲು ದೋಷಗಳ ನೆಲೆಯನ್ನು ಗುರುತಿಸಬಹುದೆಂಬುದೇ ನಮ್ಮ ಈ ಲೇಖನದ ವಿಷಯ.

ಮೊದಲು ವಿದ್ಯುತ್ತನ್ನು ನೋಡೋಣ. ಮೋಟಾರು ಮನೆಯಲ್ಲಿ ಎಂಜಿನನ್ನು ಹೊರಡಿಸಲು ಒಂದು ಬ್ಯಾಟರಿ, ಮನೆಯ ದೀಪ ಪಂಪುಗಳಿಗೆ ಇನ್ನೊಂದು ಬ್ಯಾಟರಿ ಇರುವುದು ವಾಡಿಕೆ. ಪ್ರತಿಯೊಂದರಲ್ಲಿಯೂ ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿದ ಆರು ಕೋಶಗಳಿರುತ್ತವೆ. ಬ್ಯಾಟರಿಯು ಪ್ರವಾಹವನ್ನು ಕೊಡುತ್ತಿರುವಾಗ ಆಮ್ಲವು ಫಲಕಗಳೊಡನೆ ಸೇರಿ ಸೀಸದ ಸಲ್ಫೇಟಾಗುತ್ತದೆ; ದ್ರವದಲ್ಲಿ ನೀರಿನ ಪಾಲು ಹೆಚ್ಚುತ್ತದೆ. ಆದುದರಿಂದ ದ್ರವದ ವಿಶಿಷ್ಟ ಗುರುತ್ವವೇ ಬ್ಯಾಟರಿಯ ಜಮಾಖರ್ಚಿನ ಪುಸ್ತಕ. ತುಂಬಿದ ಕೋಶದಲ್ಲಿ ಅದು ಸುಮಾರು ೧.೨೭, ಬರಿದಾದಾಗ ೧.೧೨ರ ಸುತ್ತಮುತ್ತ. ಕೆಲವು ಗಂಟೆಗಳ ಕಾಲ ಬಿಡುವಾಗಿದ್ದ ತುಂಬಿದ ಬ್ಯಾಟರಿಯ ವಿಭವಾಂತರವು ೧೨.೭ ವೋಲ್ಟು, ಅರ್ಧ ಬರಿದಾದುದರದು ೧೨.೨ ವೋಲ್ಟು. ತುಂಬಿದುದಕ್ಕೂ ಅರ್ಧಕ್ಕೂ ನಡುವೆ ಇರುವ ವ್ಯತ್ಯಾಸವು ಅರ್ಧ ವೋಲ್ಟು ಮಾತ್ರ! ಮುಳ್ಳನ್ನು ದೂರದಿಂದ ನೋಡಿ “ಹನ್ನೆರಡು ವೋಲ್ಟಿದೆ, ಚೆನ್ನಾಗಿದೆ” ಎಂದು ಹೇಳುವವನು ಮುಕ್ಕಾಲು ಪಾಲು ಬರಿದಾದ ಬ್ಯಾಟರಿಯನ್ನು ಹೊಗಳುತ್ತಿರಬಹುದು. ವೋಲ್ಟ್‌ಮೀಟರು ಆರು ಕೋಶಗಳ ಮೊತ್ತವನ್ನು ಹೇಳುತ್ತದೆ. ಹೈಡ್ರಾಮೀಟರಾದರೋ ಒಂದೊಂದು ಕೋಶವನ್ನೂ ಬೇರೆಬೇರೆಯಾಗಿ ವಿಚಾರಿಸುತ್ತದೆ. ಐದು ಕೋಶಗಳಲ್ಲಿ ೧.೨೬, ಒಂದರಲ್ಲಿ ಮಾತ್ರ ೧.೧೫ ಕಂಡರೆ ಆ ಒಂದು ಕೋಶವು ಕೆಟ್ಟಿದೆಯೆಂದು ತಿಳಿಯಬೇಕು. ಈ ಪರೀಕ್ಷೆಯನ್ನು ಮಾಡುವವರು ಕಣ್ಣಿಗೆ ಕನ್ನಡಕವನ್ನು ಧರಿಸತಕ್ಕದ್ದು, ಬೆಂಕಿಯನ್ನು ದೂರವಿಡತಕ್ಕದ್ದು. ವಿದ್ಯುತ್ತು ತುಂಬುವಾಗ ಹೊರಬೀಳುವ ಜಲಜನಕವು ಕಿಡಿಗಾಗಿ ಕಾದಿರುತ್ತದೆ.

ಬರಿದಾದ ಬ್ಯಾಟರಿಯನ್ನು ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸಲ್ಫೇಟು ದಪ್ಪ ಹರಳುಗಳಾಗಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ತುಂಬಿದರೂ ಅದು ಕರಗಲೊಲ್ಲದು. ಶೀತದೇಶಗಳಲ್ಲಿ ಇನ್ನೊಂದು ಅಪಾಯವುಂಟು. ತುಂಬಿದ ಬ್ಯಾಟರಿಯ ಆಮ್ಲವು ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಬರಿದಾದುದರದು ಹತ್ತು ಡಿಗ್ರಿ ಕೆಳಗಾದರೆ ಸಾಕು, ಹೆಪ್ಪುಗಟ್ಟಿ ಪೆಟ್ಟಿಗೆಯನ್ನು ಸೀಳುತ್ತದೆ. ಚಳಿಗಾಲದಲ್ಲಿ ನಿಲ್ಲಿಸಿದ ವಾಹನಗಳ ಬ್ಯಾಟರಿಗಳು ಹೆಚ್ಚಾಗಿ ಸಾಯುವುದು ಹೀಗೆ.

ಬ್ಯಾಟರಿಯು ಚೆನ್ನಾಗಿದ್ದೂ ಎಂಜಿನು ತಿರುಗದಿದ್ದರೆ ಏನೆನ್ನಬೇಕು? ಇಲ್ಲಿ ಓಮನ ನಿಯಮವು ನಮಗೆ ನೆರವಾಗುತ್ತದೆ. ಇಷ್ಟು ದೊಡ್ಡ ಎಂಜಿನನ್ನು ಹೊರಡಿಸುವ ಮೋಟಾರು ೨೦೦ ಆಂಪಿಯರು ಎಳೆಯುತ್ತದೆಂದು ಇಟ್ಟುಕೊಳ್ಳೋಣ. ಬ್ಯಾಟರಿಯ ಕೊಂಬಿಗೂ ಅದನ್ನು ಹಿಡಿದಿರುವ ಲೋಹದ ಹಿಡಿಕೆಗೂ ನಡುವೆ ಬಿಳಿಯ ಕಿಲುಬು ಬೆಳೆದು, ಅಲ್ಲಿ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ರೋಧವು ಉಂಟಾಗಿದೆಯೆನ್ನೋಣ. ಆಗ ಆ ಸ್ಥಳದಲ್ಲಿ ಕಳೆದುಹೋಗುವ ವಿಭವಾಂತರವು ೨೦೦ನ್ನು ೦.೦೧ರಿಂದ ಗುಣಿಸಿದಷ್ಟು, ಎಂದರೆ ೨ ವೋಲ್ಟು. ಅಲ್ಲಿಯೇ ಶಾಖವಾಗಿ ಪೋಲಾಗುವ ಸಾಮರ್ಥ್ಯ ೪೦೦ ವಾಟು. ಹಿಡಿಕೆಯನ್ನು ಮುಟ್ಟಿದರೆ ಬಿಸಿಯಾಗಿರುವುದು ಇದರಿಂದಲೇ. ಮೋಟಾರು ಟಕ್ಕೆಂದು ಸದ್ದು ಮಾಡಿ ಸುಮ್ಮನಾಗುತ್ತದೆ; ಒಡೆಯನು ಬ್ಯಾಟರಿಯನ್ನು ಶಪಿಸುತ್ತಾನೆ.

ಈ ನೂರನೆಯ ಒಂದು ಪಾಲು ಓಮನ್ನು ಸಾಧಾರಣವಾದ ರೋಧಮಾಪಕದಿಂದ ಅಳೆಯಹೊರಟರೆ ಅದು ಸೊನ್ನೆಯೆಂದೇ ತೋರಿಸುತ್ತದೆ. ಕಾರಣವೇನೆಂದರೆ, ಆ ಉಪಕರಣವು ತಂತಿಯಲ್ಲಿ ಹರಿಸುವ ಪ್ರವಾಹವು ಅತ್ಯಲ್ಪ. ಕಿಲುಬಿನ ನಡುವೆ ಒಂದೇ ಒಂದು ಎಳೆಯು ತಾಗಿಕೊಂಡಿದ್ದರೂ ಅಷ್ಟು ಪ್ರವಾಹಕ್ಕೆ ದಾರಿ ಸಾಕು. ರೋಗಿಯನ್ನು ಮಲಗಿಸಿ ನಾಡಿ ನೋಡಿದಂತಾಯಿತು. ಅವನನ್ನು ಮೆಟ್ಟಿಲು ಹತ್ತಿಸಿ ನೋಡಬೇಕು. ಆದುದರಿಂದ ಕೆಲಸ ನಡೆಯುತ್ತಿರುವಾಗಲೇ ವೋಲ್ಟ್‌ಮೀಟರನ್ನು ಹಿಡಿಯತಕ್ಕದ್ದು. ಒಬ್ಬನು ಕೀಲಿಯನ್ನು ತಿರುಗಿಸಲಿ. ಇನ್ನೊಬ್ಬನು ವೋಲ್ಟ್‌ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಕೊಂಬಿನ ಮೇಲೂ ಮತ್ತೊಂದನ್ನು ಹಿಡಿಕೆಯ ಮೇಲೂ ಇಡಲಿ. ಎರಡೂ ಒಂದೇ ತಂತಿಯ ಒಂದೇ ಸ್ಥಳವಾದ್ದರಿಂದ ಮುಳ್ಳು ಅಲುಗಬಾರದು. ಅಲುಗಿದರೆ ಕಳ್ಳನು ಅಲ್ಲಿಯೇ ಇದ್ದಾನೆ. ಅಲುಗದಿದ್ದರೆ ಎರಡನೆಯ ತುದಿಯನ್ನು ತಂತಿಯ ಉದ್ದಕ್ಕೂ ಒಂದೊಂದು ಕೂಡುಗಳನ್ನು ದಾಟಿಸುತ್ತ ಮೋಟಾರಿನವರೆಗೆ ಹೋಗಬೇಕು. ಹಾಗೆಯೇ ಪ್ರವಾಹವು ಹಿಂದಿರುಗುವ ದಾರಿಯಲ್ಲಿಯೂ, ಎಂಜಿನಿನ ಮೈಯಿಂದ ಬ್ಯಾಟರಿಯ ಋಣ ಕೊಂಬಿನವರೆಗೂ ಬರಬೇಕು. ನಮ್ಮ ವಿದ್ಯಾರ್ಥಿಗಳು ಪೊಟೆನ್ಷಿಯೊಮೀಟರಿನ ತಂತಿಯ ಮೇಲೆ ಜಾಕಿಯನ್ನು ಜರುಗಿಸುವಾಗ ಇದೇ ಕೆಲಸವನ್ನು ಮಾಡುತ್ತಾರೆ. ಆದರೆ ಪರೀಕ್ಷೆ ಮುಗಿದ ಮಾರನೆಯ ದಿನವೇ ಅದನ್ನು ಮರೆಯುತ್ತಾರೆ.

ಹಿಂದಿರುಗುವ ಈ ದಾರಿಯೇ ಹಳೆಯ ಮೋಟಾರು ಮನೆಗಳ ದೊಡ್ಡ ಪೀಡೆ. ಸಾಧಾರಣ ಕಾರಿನಲ್ಲಿ ದೀಪಕ್ಕೆ ಒಂದೇ ತಂತಿ ಹೋಗುತ್ತದೆ. ಮರಳುವ ಪ್ರವಾಹವನ್ನು ಉಕ್ಕಿನ ಮೈಯೇ ಹೊರುತ್ತದೆ. ನಾವು ಹೇಳಿದ ವಾಹನದಲ್ಲಿ ಹೊದಿಕೆಯ ಒಂದು ಭಾಗ ಪ್ಲಾಸ್ಟಿಕ್ಕು. ಅದು ವಿದ್ಯುತ್ತನ್ನು ಹೊರದು. ಮಿಕ್ಕ ಕಡೆ ಅಲ್ಯೂಮಿನಿಯಮ್ಮೂ ಉಕ್ಕೂ ಒಂದನ್ನೊಂದು ಮುಟ್ಟಿಕೊಂಡಿವೆ. ಎರಡು ಭಿನ್ನ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ಕೋಶವೇ ಸರಿ. ಅದರಲ್ಲಿ ಸವೆಯತಕ್ಕ ಲೋಹ ಅಲ್ಯೂಮಿನಿಯಂ. ಹಿಮವನ್ನು ಕರಗಿಸಲು ರಸ್ತೆಗೆ ಉಪ್ಪು ಹಾಕುವ ಉತ್ತರದ ಸಂಸ್ಥಾನಗಳಲ್ಲಿ ಓಡಿದ ವಾಹನಗಳಲ್ಲಿ ಈ ಸವೆತವು ವಿಶೇಷ. ಮರಳುವ ದಾರಿಯು ಹೀಗೆ ಕೆಟ್ಟಾಗ ಪ್ರವಾಹವು ಬೇರೊಂದು ದೀಪದ ಮೂಲಕ ಹಾದಿಯನ್ನು ಹುಡುಕುತ್ತದೆ. ಎಡಕ್ಕೆ ತಿರುಗುವ ಸಂಜ್ಞೆಯನ್ನು ಕೊಟ್ಟರೆ ಹಿಂದಿನ ಕೆಂಪು ದೀಪವು ಮಿನುಗುವ ವಿಚಿತ್ರವು ಹುಟ್ಟುವುದು ಹೀಗೆ. ಭೂತಚೇಷ್ಟೆಯಂತೆ ತೋರುವ ಇಂಥ ದೋಷವು ಕಂಡೊಡನೆ ದೀಪದ ಗೂಡಿನಿಂದ ಚೌಕಟ್ಟಿಗೆ ಒಂದು ತಂತಿಯನ್ನು ತಾತ್ಕಾಲಿಕವಾಗಿ ಎಳೆದು ನೋಡುವುದು ಲೇಸು.

ಎಂಜಿನಿಗೆ ಬರೋಣ. ಬೇಸಗೆಯ ಮಧ್ಯಾಹ್ನ, ಏರುದಾರಿ. ಎಂಜಿನು ಮುಗ್ಗರಿಸಿ ನಿಲ್ಲುತ್ತದೆ. ಅರ್ಧ ಗಂಟೆ ನೆರಳಿನಲ್ಲಿ ಕುಳಿತು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಹಳೆಯ ಮೋಟಾರು ಮನೆಗಳ ಒಡೆಯರೆಲ್ಲರೂ ಬಲ್ಲ ಈ ಕಾಯಿಲೆಗೆ ಆವಿತಡೆಯೆನ್ನಬಹುದು. ಎಂಜಿನಿನ ಮಗ್ಗುಲಲ್ಲಿರುವ ಪಂಪು, ವಾಹನದ ಹೊಟ್ಟೆಯ ಕೆಳಗಿನ ತೊಟ್ಟಿಯಿಂದ ಪೆಟ್ರೋಲನ್ನು ಉದ್ದವಾದ ಕೊಳವೆಯಲ್ಲಿ ಹೀರುತ್ತದೆ. ಹೀರುವುದೆಂದರೆ ಒತ್ತಡವನ್ನು ತಗ್ಗಿಸುವುದು. ಒತ್ತಡವು ತಗ್ಗಿದರೆ ದ್ರವದ ಕುದಿಬಿಂದುವೂ ತಗ್ಗುತ್ತದೆ. ಬೆಟ್ಟದ ಮೇಲೆ ಅನ್ನ ಬೇಯುವುದು ತಡವಾಗುವುದಕ್ಕೂ ಇದೇ ಕಾರಣ. ಪೆಟ್ರೋಲಿನ ಹಗುರಾದ ಅಂಶಗಳು ಬಿಸಿ ಎಂಜಿನಿನ ಬಳಿಯ ಕೊಳವೆಯಲ್ಲಿಯೇ ಕುದಿದು ಆವಿಯಾಗುತ್ತವೆ. ದ್ರವವನ್ನು ನೂಕಲು ಮಾಡಿದ ಪಂಪು ಆವಿಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ನಿಂತಲ್ಲೇ ದುಡಿಯುತ್ತದೆ. ಇಂದಿನ ಪೆಟ್ರೋಲಿಗೆ ಶೇಕಡ ಹತ್ತರಷ್ಟು ಮದ್ಯಸಾರವನ್ನು ಬೆರಸುವುದರಿಂದ ಅದರ ಆವಿಯೊತ್ತಡವು ಇನ್ನೂ ಸ್ವಲ್ಪ ಹೆಚ್ಚಿದೆ. ಪರಿಹಾರವು ಭೌತಶಾಸ್ತ್ರದಿಂದಲೇ ಹೊರಡುತ್ತದೆ: ಹೀರುವುದನ್ನು ಬಿಟ್ಟು ನೂಕಬೇಕು. ತೊಟ್ಟಿಯ ಬಳಿಯಲ್ಲಿ ವಿದ್ಯುತ್ ಪಂಪನ್ನಿಟ್ಟರೆ ಕೊಳವೆಯಲ್ಲೆಲ್ಲ ಒತ್ತಡವು ವಾಯುಭಾರಕ್ಕಿಂತ ಮೇಲಿರುತ್ತದೆ, ಕುದಿಬಿಂದು ಏರುತ್ತದೆ. ಎಂಜಿನು ನಿಂತೊಡನೆ ಆ ಪಂಪೂ ನಿಲ್ಲುವಂತೆ ಏರ್ಪಾಡು ಇರಬೇಕು. ಇಲ್ಲವಾದರೆ ಅಪಘಾತದಲ್ಲಿ ಅದು ಪೆಟ್ರೋಲನ್ನು ರಸ್ತೆಗೆ ಸುರಿಯುತ್ತಲೇ ಇರುತ್ತದೆ.

ಆದರೆ ಬಿಸಿಯಾದ ಕಿಡಿಸುರುಳಿಯೂ ಇದೇ ಲಕ್ಷಣವನ್ನು ತೋರಿಸಬಲ್ಲದು: ಬಿಸಿಯಲ್ಲಿ ಕೆಡುತ್ತದೆ, ತಣಿದರೆ ಸರಿಹೋಗುತ್ತದೆ. ಪಂಪಿಗೆ ಹಣ ಸುರಿಯುವ ಮುನ್ನ ಎರಡನ್ನೂ ಬೇರ್ಪಡಿಸಬೇಕು. ಎಂಜಿನು ನಿಂತಿರುವಾಗ ಕಾರ್ಬ್ಯುರೇಟರಿನ ಮೇಲಣ ಗಾಳಿಯ ಜಾಲರಿಯನ್ನು ತೆಗೆದು, ವೇಗದ ಸನ್ನೆಯನ್ನು ಕೈಯಿಂದ ಒಮ್ಮೆ ಒತ್ತಿದರೆ ಒಳಗೆ ಪೆಟ್ರೋಲು ಸಣ್ಣ ಧಾರೆಯಾಗಿ ಚಿಮ್ಮಬೇಕು. ಚಿಮ್ಮಿದರೆ ಇಂಧನವು ಬಂದಿದೆ, ಕಿಡಿಯನ್ನು ವಿಚಾರಿಸಬೇಕು; ಚಿಮ್ಮದಿದ್ದರೆ ಕಿಡಿಯನ್ನು ಬಿಟ್ಟು ಕೊಳವೆಯನ್ನು ವಿಚಾರಿಸಬೇಕು. ಆ ಹೊತ್ತಿನಲ್ಲಿಯೇ ರಬ್ಬರಿನ ಇಂಧನ ಕೊಳವೆಗಳನ್ನು ಬಾಗಿಸಿ ನೋಡುವುದು ಅವಶ್ಯ. ೧೯೭೦ರ ದಶಕದ ರಬ್ಬರು ಮದ್ಯಸಾರವನ್ನು ತಾಳದೆ ಊದಿ ಬಿರುಕು ಬಿಡುತ್ತದೆ. ಬಿಸಿ ಎಂಜಿನಿನ ಮೇಲೆ ತೊಟ್ಟಿಕ್ಕುವ ಪೆಟ್ರೋಲಿನಿಂದ ಇಡೀ ಮನೆಯೇ ಉರಿದುಹೋಗಬಹುದು.

ಹತ್ತುವುದಕ್ಕಿಂತ ಇಳಿಯುವುದು ಕಠಿನ. ಕೊಲರಾಡೊ ಸಂಸ್ಥಾನದಲ್ಲಿ ರಾಕಿ ಪರ್ವತಗಳನ್ನು ಕೊರೆದು ಮಾಡಿದ ಐಸೆನ್‌ಹೋವರ್ ಸುರಂಗವು ೧೯೭೩ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ಎತ್ತರ ಸಮುದ್ರಮಟ್ಟದಿಂದ ಸುಮಾರು ೩,೪೦೦ ಮೀಟರು. ಕೆಳಗಿನ ಡೆನ್ವರ್ ನಗರದ್ದು ಸುಮಾರು ೧,೬೦೦. ಐದು ಟನ್ನಿನ ಮನೆಯು ಈ ೧,೮೦೦ ಮೀಟರು ಇಳಿದಾಗ ಕಳೆದುಕೊಳ್ಳುವ ಸ್ಥಿತಿಶಕ್ತಿಯನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು: ೫,೦೦೦ × ೯.೮ × ೧,೮೦೦, ಎಂದರೆ ಎಂಟು ಕೋಟಿ ಎಂಬತ್ತೆರಡು ಲಕ್ಷ ಜೂಲುಗಳು. ಇಷ್ಟು ಶಾಖವು ಇಪ್ಪತ್ತೈದು ಡಿಗ್ರಿಯಲ್ಲಿರುವ ಮೂವತ್ತನಾಲ್ಕು ಲೀಟರು ನೀರನ್ನು ಕುದಿಸಿ ಪೂರ್ತಿಯಾಗಿ ಆವಿ ಮಾಡಲು ಸಾಕು. ಈ ಶಕ್ತಿಯಲ್ಲಿ ಒಂದು ಪಾಲನ್ನು ಗಾಳಿಯ ತಡೆಯೂ ಚಕ್ರಗಳ ಉರುಳುವಿಕೆಯೂ ನುಂಗುತ್ತವೆ. ಗೇರನ್ನು ತಗ್ಗಿಸಿ ಇಳಿದರೆ ಎಂಜಿನೂ ಒಂದು ದೊಡ್ಡ ಪಾಲನ್ನು ತೆಗೆದುಕೊಳ್ಳುತ್ತದೆ. ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟವನ ವಾಹನದಲ್ಲಿ ಮಿಕ್ಕುದೆಲ್ಲ ಬ್ರೇಕಿನ ಲೋಹಕ್ಕೆ, ಅಲ್ಲಿಂದ ಬ್ರೇಕಿನ ದ್ರವಕ್ಕೆ ಹೋಗುತ್ತದೆ.

ಈ ದ್ರವಕ್ಕೆ ಒಂದು ದುರ್ಗುಣವಿದೆ. ಗಾಳಿಯಲ್ಲಿರುವ ತೇವವನ್ನು ಅದು ವರ್ಷಗಟ್ಟಲೆ ಸದ್ದಿಲ್ಲದೆ ಹೀರುತ್ತದೆ. ಡಾಟ್ ೩ ಎಂಬ ವರ್ಗದ ಹೊಸ ದ್ರವದ ಕುದಿಬಿಂದು ಕನಿಷ್ಠ ೨೦೫ ಡಿಗ್ರಿ ಸೆಂಟಿಗ್ರೇಡ್ ಇರಬೇಕೆಂದು ನಿಯಮ; ನೂರಕ್ಕೆ ನಾಲ್ಕು ಪಾಲಿಗಿಂತಲೂ ಕಡಮೆ ನೀರು ಸೇರಿದರೆ ಸಾಕು, ಅದು ೧೪೦ಕ್ಕೆ ಇಳಿಯಬಹುದು. ದ್ರವವು ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಸುಲಭವಾಗಿ ಕುಗ್ಗಿಸಬಹುದು. ಆದುದರಿಂದ ಕಾಲಿನ ಬಲವೆಲ್ಲವೂ ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿಯೇ ಕಳೆಯುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲಪುವುದಿಲ್ಲ. ಬ್ರೇಕು ಮನೆಯ ಮುಂದೆ ಪರೀಕ್ಷಿಸಿದಾಗ ಗಟ್ಟಿಯಾಗಿಯೇ ಇತ್ತಲ್ಲ ಎಂದರೆ, ಇದ್ದೀತು, ತಣ್ಣಗಿರುವಾಗ ಗುಳ್ಳೆಗಳಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ದ್ರವವನ್ನು ಪೂರ್ತಿಯಾಗಿ ಬದಲಾಯಿಸುವ ಪದ್ಧತಿಗೆ ಆಧಾರ ಇದೇ. ವಾಹನವು ಓಡಲಿ, ಓಡದಿರಲಿ, ಈ ಲೆಕ್ಕವು ಕ್ಯಾಲೆಂಡರಿನದು.

ಟೈರುಗಳಿಗೂ ಕ್ಯಾಲೆಂಡರೇ ಗಡಿಯಾರ. ಮೋಟಾರು ಮನೆಯ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಗೆರೆಗಳು ಹೊಸದರಂತೆ ಆಳವಾಗಿರುತ್ತವೆ. ಒಳಗೆ ಆಮ್ಲಜನಕವು ರಬ್ಬರನ್ನು ಗಡುಸು ಮಾಡಿರುತ್ತದೆ. ೨೦೦೦ದಿಂದ ಈಚೆಗೆ ಅಮೆರಿಕದಲ್ಲಿ ಮಾರುವ ಟೈರಿನ ಪಕ್ಕದಲ್ಲಿ ಒತ್ತಿರುವ ಸಂಕೇತದ ಕಡೆಯ ನಾಲ್ಕು ಅಂಕಿಗಳು ಅದು ಹುಟ್ಟಿದ ವಾರವನ್ನೂ ವರ್ಷವನ್ನೂ ತಿಳಿಸುತ್ತವೆ: ೨೩೧೯ ಎಂದಿದ್ದರೆ ೨೦೧೯ರ ಇಪ್ಪತ್ತಮೂರನೆಯ ವಾರ. ಅಲ್ಲಿ ಮೂರೇ ಅಂಕಿಗಳಿದ್ದರೆ ಆ ಟೈರು ಕಳೆದ ಶತಮಾನದ್ದು. ಅದರ ಮೇಲೆ ಒಂದು ಮೈಲಿಯೂ ಹೋಗಕೂಡದು. ಹತ್ತು ವರ್ಷ ಮೀರಿದ ಟೈರು ನೋಟಕ್ಕೆ ಹೇಗೇ ಇರಲಿ, ತೆಗೆದುಹಾಕಬೇಕೆಂದು ಅನೇಕ ತಯಾರಕರೇ ಹೇಳುತ್ತಾರೆ.

ಗಾಡಿಯ ಮಾತು ಇಷ್ಟಾಯಿತು, ಇನ್ನು ಮನೆಯ ಮಾತು. ಮಾಡಿನ ಸೋರಿಕೆಯನ್ನು ಕುರಿತು ಒಂದು ಲೆಕ್ಕ ಮಾತ್ರ ಹೇಳುತ್ತೇವೆ. ಎಂಟು ಮೀಟರು ಉದ್ದದ ಅಲ್ಯೂಮಿನಿಯಂ, ಉಷ್ಣತೆಯು ನಲವತ್ತು ಡಿಗ್ರಿ ಏರಿದಾಗ ಏಳು ಮಿಲಿಮೀಟರಿಗೂ ಹೆಚ್ಚಾಗಿ ಹಿಗ್ಗುತ್ತದೆ. ಅಷ್ಟೇ ಉದ್ದದ ಉಕ್ಕು ನಾಲ್ಕಕ್ಕೂ ಕಡಮೆ. ಈ ಮೂರೂವರೆ ಮಿಲಿಮೀಟರುಗಳ ಜಗಳವನ್ನು ಕೂಡುಗಳ ನಡುವಿನ ಮೆತ್ತೆಯು ಪ್ರತಿದಿನವೂ ಸಹಿಸಬೇಕು. ಅದು ಒಣಗಿದರೆ ಬಿರುಕು ಅನಿವಾರ್ಯ. ನೀರು ಒಂದೆಡೆ ಒಳಹೊಕ್ಕು, ಪಂಜರದ ಗುಂಟ ಹರಿದು, ಇನ್ನೊಂದೆಡೆ ತೊಟ್ಟಿಕ್ಕುವುದರಿಂದ ಒಳಗಿನ ಕಲೆಯನ್ನು ನೋಡಿ ತೂತನ್ನು ಹುಡುಕುವುದು ವ್ಯರ್ಥ. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಊದುವ ಪಂಖದಿಂದ ಒಳಗಿನ ಒತ್ತಡವನ್ನು ಸ್ವಲ್ಪ ಹೆಚ್ಚಿಸಿ, ಹೊರಗೆ ಮಾಡಿನ ಮೇಲೆ ಸಾಬೂನುನೀರನ್ನು ಬಳಿದರೆ ತೂತಿದ್ದ ಕಡೆ ಗುಳ್ಳೆಗಳೇಳುತ್ತವೆ.

ಅನಿಲದ ವಿಷಯದಲ್ಲಿ ನಿಧಾನವಾಗಿ ಹೋಗಬೇಕು. ಅಮೆರಿಕದ ಮೋಟಾರು ಮನೆಗಳ ಒಲೆ, ನೀರು ಕಾಯಿಸುವ ಯಂತ್ರ, ರೆಫ್ರಿಜರೇಟರುಗಳು ಪ್ರೊಪೇನಿನಿಂದ ಉರಿಯುತ್ತವೆ. ಅದರ ಅಣುಭಾರ ೪೪. ಗಾಳಿಯದು ಸರಾಸರಿ ೨೯. ಸೋರಿದ ಪ್ರೊಪೇನು ಮೇಲೇಳದೆ ನೆಲದ ಮೇಲೆ ನೀರಿನಂತೆ ಹರಡಿಕೊಳ್ಳುತ್ತದೆ. ಮಲಗಿರುವವನ ಹಾಸಿಗೆಯೂ ಇರುವುದು ಅಲ್ಲಿ ಹತ್ತಿರದಲ್ಲಿಯೇ. ತೊಟ್ಟಿಯೊಳಗಿನ ದೊಡ್ಡ ಒತ್ತಡವನ್ನು ರೆಗ್ಯುಲೇಟರು ಹನ್ನೊಂದು ಅಂಗುಲ, ಎಂದರೆ ಇಪ್ಪತ್ತೆಂಟು ಸೆಂಟಿಮೀಟರು ನೀರಿನ ಕಂಬದಷ್ಟಕ್ಕೆ ಇಳಿಸಿಕೊಡುತ್ತದೆ. ಇಷ್ಟು ಕಡಮೆ ಒತ್ತಡವನ್ನು ಅಳೆಯಲು ನಮ್ಮ ಬಾಗಿದ ನಳಿಗೆಯೂ ಒಂದಿಷ್ಟು ನೀರೂ ಸಾಕು. ಒಲೆಯ ಮೂತಿಗೆ ನಳಿಗೆಯ ಒಂದು ಕೈಯನ್ನು ರಬ್ಬರಿನಿಂದ ಸೇರಿಸಿ, ಎಲ್ಲ ಜ್ವಾಲೆಗಳನ್ನೂ ಆರಿಸಿ, ಆ ಒಂದು ತಿರುಪನ್ನು ಮಾತ್ರ ತೆರೆದರೆ ಎರಡು ಕೈಗಳ ನೀರಿನ ಮಟ್ಟದ ವ್ಯತ್ಯಾಸವು ಇಪ್ಪತ್ತೆಂಟು ಸೆಂಟಿಮೀಟರು ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಇರಬೇಕು. ಬಹಳ ಹೆಚ್ಚಾದರೆ ಅಥವಾ ಬಹಳ ಕಡಮೆಯಾದರೆ ರೆಗ್ಯುಲೇಟರು ಕೆಟ್ಟಿದೆ. ಈಗ ತೊಟ್ಟಿಯ ಬಾಯನ್ನು ಮುಚ್ಚಿ ಕೆಲವು ನಿಮಿಷ ಕಾಯತಕ್ಕದ್ದು. ಮಟ್ಟವು ಇಳಿದರೆ ಎಲ್ಲಿಯೋ ಸೋರಿಕೆಯಿದೆ; ಕೂಡುಗಳಿಗೆ ಸಾಬೂನುನೀರನ್ನು ಹಚ್ಚಿ ಅದನ್ನು ಹುಡುಕಬೇಕು. ಬೆಂಕಿಕಡ್ಡಿ ಗೀರಿ ಹುಡುಕುವವರೂ ಲೋಕದಲ್ಲಿದ್ದಾರೆ. ಅವರಿಗೆ ನಮ್ಮ ಉಪದೇಶ ನಿರರ್ಥಕ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಾಯುಭಾರವೇ ನೀರಿನ ಕಂಬದಲ್ಲಿ ೧,೦೩೩ ಸೆಂಟಿಮೀಟರು. ರೆಗ್ಯುಲೇಟರಿನದನ್ನು ಸೇರಿಸಿದರೆ ಕೊಳವೆಯೊಳಗಿನ ನಿಜವಾದ ಒತ್ತಡವು ೧,೦೬೧. ಮುಚ್ಚಿದ ಕೊಳವೆಯಲ್ಲಿ ಅನಿಲದ ಒತ್ತಡವು ಪರಮ ಉಷ್ಣತೆಗೆ ಅನುಗುಣವಾಗಿರುತ್ತದೆಯಷ್ಟೆ. ಆ ಉಷ್ಣತೆಯು ಸುಮಾರು ೩೦೦ ಡಿಗ್ರಿಯಾದ್ದರಿಂದ, ಒಂದೇ ಒಂದು ಡಿಗ್ರಿಯ ಬದಲಾವಣೆಗೆ ಮಟ್ಟವು ಸುಮಾರು ಮೂರೂವರೆ ಸೆಂಟಿಮೀಟರು ಅಲುಗುತ್ತದೆ. ಸಂಜೆ ತಂಪಾಗುತ್ತಿರುವಾಗ ಪರೀಕ್ಷಿಸಿದವನಿಗೆ ಇಲ್ಲದ ಸೋರಿಕೆಯು ಕಾಣಿಸುತ್ತದೆ. ಕೊಳವೆಗೆ ಬಿಸಿಲೇರುತ್ತಿರುವಾಗ ಪರೀಕ್ಷಿಸಿದವನ ಗತಿ ಇದಕ್ಕಿಂತ ಕೆಟ್ಟದು. ಇರುವ ಸೋರಿಕೆಯು ಅವನಿಗೆ ಮರೆಯಾಗುತ್ತದೆ. ನೆರಳಿನಲ್ಲಿ, ಉಷ್ಣಮಾಪಕವನ್ನು ಪಕ್ಕದಲ್ಲಿಟ್ಟುಕೊಂಡು ಪರೀಕ್ಷಿಸಬೇಕು. ನಮ್ಮ ಅಡಿಗೆಮನೆಗಳ ರೆಗ್ಯುಲೇಟರುಗಳೂ ಹೆಚ್ಚುಕಡಮೆ ಇದೇ ಒತ್ತಡವನ್ನು ಕೊಡುವುವಾದರೂ ಈ ಪ್ರಯೋಗವನ್ನು ಮನೆಯ ಸಿಲಿಂಡರಿನ ಮೇಲೆ ವಿದ್ಯಾರ್ಥಿಗಳು ಮಾಡಕೂಡದು. ಅದು ಕಸುಬು ಬಲ್ಲವರ ಕೆಲಸ.

ಸೋರದೆಯೂ ಅನಿಲವು ಕೊಲ್ಲಬಲ್ಲದು. ಗಾಳಿಯು ಸಾಲದೆ ಉರಿದ ಜ್ವಾಲೆಯಿಂದಲೂ, ಬಿರುಕು ಬಿಟ್ಟ ಹೊಗೆಕೊಳವೆಯಿಂದಲೂ ಕಾರ್ಬನ್ ಮಾನಾಕ್ಸೈಡು ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅಣುಭಾರ ೨೮ ಆದ್ದರಿಂದ ಗಾಳಿಯೊಡನೆ ಎಲ್ಲೆಡೆಯೂ ಸಮನಾಗಿ ಬೆರೆಯುತ್ತದೆ. ರಕ್ತದ ಹೀಮೊಗ್ಲೋಬಿನ್ನು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರಕ್ಕೂ ಮಿಕ್ಕ ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಜ್ವಾಲೆಯು ನೀಲಿಯಾಗಿರುವುದು ಒಳ್ಳೆಯ ಲಕ್ಷಣ, ಹಳದಿಯಾಗಿ ಮಸಿ ಹಿಡಿಸುವುದು ಕೆಟ್ಟ ಲಕ್ಷಣ. ಇದನ್ನು ಪತ್ತೆಮಾಡುವ ಎಚ್ಚರಿಕೆ ಗಂಟೆಗಳು ದೊರೆಯುತ್ತವೆ. ಆದರೆ ಅವುಗಳ ಒಳಗಿನ ಸಂವೇದಕವೂ ಐದರಿಂದ ಹತ್ತು ವರ್ಷಗಳಲ್ಲಿ ಮುದಿಯಾಗುತ್ತದೆ. ಗುಂಡಿಯನ್ನೊತ್ತಿದಾಗ ಸದ್ದಾದರೆ ಗಂಟೆಯು ನೆಟ್ಟಗಿದೆಯೆಂದಷ್ಟೇ ಅರ್ಥ; ಸಂವೇದಕವು ಜೀವಂತವಾಗಿದೆಯೆಂದು ಹೇಳಲು ಅದರ ಮೇಲೆ ಮುದ್ರಿಸಿದ ದಿನಾಂಕವನ್ನೇ ನೋಡಬೇಕು.

ಕೊನೆಯಲ್ಲಿ, ಈ ಮನೆಯ ಅತ್ಯಂತ ಸ್ವಾರಸ್ಯವಾದ ಯಂತ್ರಕ್ಕೆ ಬರೋಣ. ಬೆಂಕಿಯನ್ನು ಹಚ್ಚಿ ಮಂಜುಗಡ್ಡೆಯನ್ನು ಮಾಡುವ ರೆಫ್ರಿಜರೇಟರನ್ನು ೧೯೨೨ರಲ್ಲಿ ಸ್ಟಾಕ್‌ಹೋಮಿನ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಕಂಡುಹಿಡಿದರು. ಅದರಲ್ಲಿ ಚಲಿಸುವ ಭಾಗವೇ ಇಲ್ಲ. ಮುಚ್ಚಿ ಬೆಸೆದ ಉಕ್ಕಿನ ಕೊಳವೆಗಳಲ್ಲಿ ಅಮೋನಿಯ, ನೀರು, ಜಲಜನಕ ಇವು ಮೂರಿರುತ್ತವೆ. ಕೆಳಗಿನ ಜ್ವಾಲೆಯು ಅಮೋನಿಯ ಕರಗಿದ ನೀರನ್ನು ಕುದಿಸುತ್ತದೆ. ಅಮೋನಿಯವು ಆವಿಯಾಗಿ ಮೇಲೇರಿ, ಹಿಂಭಾಗದ ರೆಕ್ಕೆಗಳ ಬಳಿ ತಣಿದು ದ್ರವವಾಗುತ್ತದೆ. ಆ ದ್ರವವು ಜಲಜನಕವು ತುಂಬಿರುವ ಕೊಳವೆಗೆ ಇಳಿದಾಗ ಒಟ್ಟು ಒತ್ತಡವು ಮೊದಲಿದ್ದಷ್ಟೇ ಇದ್ದರೂ ಅದರ ಬಹುಪಾಲನ್ನು ಜಲಜನಕವೇ ಹೊತ್ತಿರುತ್ತದೆ. ಅಮೋನಿಯದ ಪಾಲಿಗೆ ಬರುವುದು ಸ್ವಲ್ಪ. ಆದುದರಿಂದ ಅಮೋನಿಯವು ತನ್ನ ಮೇಲೆ ಒತ್ತಡವೇ ಇಲ್ಲವೆಂಬಂತೆ ತಗ್ಗಿದ ಉಷ್ಣತೆಯಲ್ಲಿಯೇ ಆವಿಯಾಗಿ, ಬೇಕಾದ ಗುಪ್ತಶಾಖವನ್ನು ಪೆಟ್ಟಿಗೆಯೊಳಗಿನಿಂದ ಸೆಳೆದುಕೊಳ್ಳುತ್ತದೆ. ಡಾಲ್ಟನನ ಆಂಶಿಕ ಒತ್ತಡಗಳ ನಿಯಮಕ್ಕೆ ಇದಕ್ಕಿಂತ ರುಚಿಕರವಾದ ಉದಾಹರಣೆಯನ್ನು ನಾವು ಕಂಡಿಲ್ಲ. ಬಳಿಕ ನೀರು ಅಮೋನಿಯವನ್ನು ಮತ್ತೆ ಹೀರಿಕೊಂಡು ಜ್ವಾಲೆಯ ಬಳಿಗೆ ಹಿಂದಿರುಗುತ್ತದೆ.

ದ್ರವಗಳನ್ನು ಹಿಂದಿರುಗಿಸುವುದು ಭೂಮಿಯ ಆಕರ್ಷಣೆಯೊಂದೇ. ವಾಹನವು ಓರೆಯಾಗಿ ನಿಂತರೆ ದ್ರವವು ಕೊಳವೆಯ ತಗ್ಗುಗಳಲ್ಲಿ ತಂಗಿಬಿಡುತ್ತದೆ. ಕುದಿಯುವ ಭಾಗವು ಬರಿದಾಗಿ ಮಿತಿಮೀರಿ ಕಾಯುತ್ತದೆ. ಉಕ್ಕು ತುಕ್ಕು ಹಿಡಿಯದಿರಲೆಂದು ನೀರಿಗೆ ಬೆರಸಿರುವ ಸೋಡಿಯಂ ಕ್ರೋಮೇಟು ಅಲ್ಲಿ ಹರಳುಗಟ್ಟಿ ಸಣ್ಣ ಕೊಳವೆಯನ್ನು ಶಾಶ್ವತವಾಗಿ ಕಟ್ಟುತ್ತದೆ. ಓಡುತ್ತಿರುವಾಗ ಕುಲುಕಾಟದಿಂದ ದ್ರವವು ಒಂದೆಡೆ ನಿಲ್ಲದಾದ್ದರಿಂದ ತೊಂದರೆಯಿಲ್ಲ. ತೊಂದರೆಯೆಲ್ಲ ಓರೆಯಾಗಿ ನಿಲ್ಲಿಸಿದಾಗ. ಗಾಡಿಯನ್ನು ಮಟ್ಟವಾಗಿ ನಿಲ್ಲಿಸುವುದು ಊಟದ ತಟ್ಟೆಯು ಜಾರದಿರಲೆಂದು ಮಾತ್ರವೇ ಅಲ್ಲವೆಂಬುದನ್ನು ಹಲವರು ತಿಳಿಯದೆ ಒಳ್ಳೆಯ ಯಂತ್ರಗಳನ್ನು ಸುಟ್ಟಿದ್ದಾರೆ.

ಆದರೂ ತಣಿಯದ ಪ್ರತಿಯೊಂದು ರೆಫ್ರಿಜರೇಟರೂ ಸತ್ತಿಲ್ಲ. ಇವುಗಳಲ್ಲಿ ಬಹಳಷ್ಟನ್ನು ಅನಿಲದಿಂದಲೂ ಮನೆಯ ವಿದ್ಯುತ್ತಿನಿಂದಲೂ ಕಾಯಿಸಬಹುದು. ವಿದ್ಯುತ್ತಿನಿಂದ ಕಾಯಿಸಿದಾಗ ತಣಿದು ಅನಿಲದಲ್ಲಿ ತಣಿಯದಿದ್ದರೆ ಕೊಳವೆಗಳು ನಿರ್ದೋಷಿಗಳು, ದೋಷವು ಜ್ವಾಲೆಯಲ್ಲಿದೆ. ಜ್ವಾಲೆಯ ಸಣ್ಣ ಮೂತಿಯಲ್ಲಿ ಕೊಳೆ, ಹೊಗೆಕೊಳವೆಯಲ್ಲಿ ತುಕ್ಕಿನ ಚಕ್ಕೆ, ಹಲವು ಸಲ ಜೇಡನ ಬಲೆ ಇವನ್ನು ತೆಗೆದರೆ ಯಂತ್ರವು ಬದುಕುತ್ತದೆ. ಎರಡರಲ್ಲಿಯೂ ತಣಿಯದಿದ್ದರೆ ಮೊದಲು ಹಿಂಭಾಗದಲ್ಲಿ ಗಾಳಿಯಾಡುವ ಕಿಂಡಿಗಳನ್ನೂ ಬಾಗಿಲಿನ ರಬ್ಬರನ್ನೂ ನೋಡಬೇಕು. ಕೊಳವೆಗಳ ಮೇಲೆ ಹಳದಿಯ ಪುಡಿಯೂ ಮೂಗಿಗೆ ಅಮೋನಿಯದ ಘಾಟೂ ಇದ್ದರೆ ಬೆಸುಗೆಯು ಬಿಟ್ಟಿದೆ. ಒಳಗಿರುವ ಜಲಜನಕವು ಉರಿಯತಕ್ಕ ಅನಿಲವಾದ್ದರಿಂದ ಒಡನೆಯೇ ಜ್ವಾಲೆಯನ್ನು ಆರಿಸಿ, ಮತ್ತೆ ಹಚ್ಚದಿರಬೇಕು. ಈ ಗುರುತುಗಳಿಲ್ಲದಿದ್ದರೆ ವಾಹನವನ್ನು ಮಟ್ಟವಾಗಿ ನಿಲ್ಲಿಸಿ, ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು, ಅದನ್ನು ಪೆಟ್ಟಿಗೆಯೊಳಗಿರಿಸಿ ಬಾಗಿಲನ್ನು ಮುಚ್ಚತಕ್ಕದ್ದು. ಈ ಯಂತ್ರವು ನಿಧಾನಿ. ಸಂಜೆ ಹಚ್ಚಿದ ಜ್ವಾಲೆಯ ಫಲವನ್ನು ಮರುದಿನ ಬೆಳಗ್ಗೆ ಓದಿಕೊಳ್ಳಬೇಕು. ನಡುವೆ ಬಾಗಿಲನ್ನು ತೆರೆದು ತೆರೆದು ನೋಡಕೂಡದು.